ಪದವಿಯ ಮೇಲಣ ಕಾನೂನು ವ್ಯಾಸಂಗ

"ಬಿ.ಎ. ಮುಗಿದ ಮೇಲೆ ಮುಂದೇನು?" ಎಂದು ಹಿರಿಯರು ಕೇಳಿದರೆ ನಮ್ಮಲ್ಲಿ ಅನೇಕರು "ಲಾ ಓದುತ್ತೇವೆ" ಎಂದು ಥಟ್ಟನೆ ಹೇಳಿಬಿಡುತ್ತೇವೆ. ಯಾವ ಲಾ, ಎಷ್ಟು ವರ್ಷ, ಓದಿದ ಮೇಲೆ ಏನಾಗಬಹುದು ಎಂದು ಮರುಪ್ರಶ್ನೆ ಬಂದರೆ ಮಾತ್ರ ತಡವರಿಸುತ್ತೇವೆ. ಈ ತಡವರಿಕೆಗೆ ನಮ್ಮ ಮನೆ ತೆತ್ತ ಬೆಲೆ ಒಂದು ವರ್ಷ. ಆದಕಾರಣ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ನಮ್ಮ ತಂದೆಯವರು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುವವರು. ಅಣ್ಣ ಪದವೀಧರನಾದ ವರ್ಷ, ಮನೆಯಲ್ಲೇ ಓದಬಹುದಾದ ಒಂದು ಕಾನೂನು ಡಿಪ್ಲೊಮಾಕ್ಕೆ ಅವರು ಸಾಲ ಮಾಡಿ ಫೀಜು ಕಟ್ಟಿದರು. ಅಣ್ಣ ಶ್ರದ್ಧೆಯಿಂದ ಓದಿ ತೇರ್ಗಡೆಯಾದ. ಪ್ರಮಾಣಪತ್ರ ಹಿಡಿದು ಪರಿಚಯದ ವಕೀಲರೊಬ್ಬರ ಬಳಿಗೆ ಹೋದಾಗ ಅವರು, "ಓದು ಒಳ್ಳೆಯದೇ, ಮಗು. ಆದರೆ ಇದರಿಂದ ಕರಿಕೋಟು ಬರುವುದಿಲ್ಲವಲ್ಲ!" ಎಂದರು. ತಪ್ಪು ಯಾರದೂ ಅಲ್ಲ. ಪ್ರಕಟಣೆಯನ್ನು ಪೂರ್ತಿ ಓದದೆ ಹೋದ ನಮ್ಮದೇ.

ಪದವಿಯ ನಂತರದ ಕಾನೂನು ವ್ಯಾಸಂಗದಲ್ಲಿ ಮುಖ್ಯವಾಗಿ ಮೂರು ದಾರಿಗಳುಂಟು. ಇವು ಮೂರೂ ಬೇರೆ ಬೇರೆ ಊರಿಗೆ ಹೋಗುವ ದಾರಿಗಳೆಂಬುದನ್ನು ಮೊದಲು ಮನಗಾಣಬೇಕು.

ಮೊದಲನೆಯದು ಮೂರು ವರ್ಷದ ಎಲ್‌ಎಲ್.ಬಿ. ಪದವಿಯ ನಂತರ ಓದುವುದಾದರೂ ಇದು ಸ್ನಾತಕೋತ್ತರವಲ್ಲ, ಕಾನೂನಿನ ಮೊದಲ ಪದವಿ. 1961ರ ವಕೀಲರ ಕಾಯಿದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಮಾನ್ಯತೆಯುಳ್ಳ ಕಾನೂನು ಪದವಿ ಬೇಕು. ಅದನ್ನು ತರಗತಿಗೆ ಹಾಜರಾಗಿಯೇ ಪಡೆಯಬೇಕು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯೂ ಉಂಟು. ಕಲಾ ಪದವಿಯವರಿಗೆ ಇದು ಹೊಸ ದಾರಿಯೇನೂ ಅಲ್ಲ. ನಮ್ಮ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ರಾಜಾಜಿಯವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿ, ಮದರಾಸಿನಲ್ಲಿ ಕಾನೂನು ಮುಗಿಸಿ, ಸೇಲಂನಲ್ಲಿ ವಕೀಲಿ ನಡೆಸಿದವರು.

ಎರಡನೆಯದು ಎಲ್‌ಎಲ್.ಎಂ. ಇದೇ ನಿಜವಾದ ಸ್ನಾತಕೋತ್ತರ ಪದವಿ. ಎಲ್‌ಎಲ್.ಬಿ. ಇಲ್ಲದೆ ಇದಕ್ಕೆ ಪ್ರವೇಶವಿಲ್ಲ. ಈ ವಿಷಯದಲ್ಲಿ ನಾವು ಭಾಗ್ಯವಂತರು. ಬಸವೇಶ್ವರನಗರ, ವಿಜಯನಗರಗಳನ್ನು ದಾಟಿ ನಾಗರಭಾವಿಗೆ ಹೋದರೆ ಅಲ್ಲಿ ಭಾರತ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾನಿಲಯವಿದೆ. ಕರ್ನಾಟಕದ ಶಾಸನದಿಂದ ಹುಟ್ಟಿ, ಡಾ. ಎನ್. ಆರ್. ಮಾಧವ ಮೆನನ್ ಅವರ ನಿರ್ದೇಶನದಲ್ಲಿ 1988ರಲ್ಲಿ ಪಾಠ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಎಲ್‌ಎಲ್.ಎಂ. ಒಂದು ವರ್ಷದ್ದು, ಕ್ಲಾಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಸೇರಬೇಕು. ಅದಕ್ಕೆ ಹೊಂದಿಕೊಂಡಂತಿರುವ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಎಲ್‌ಎಲ್.ಎಂ. ಎರಡು ವರ್ಷದ್ದು. ಒಂದು ವರ್ಷದ್ದರಲ್ಲಿ ಕಾಲ ಉಳಿಯುತ್ತದೆ. ಎರಡು ವರ್ಷದ್ದರಲ್ಲಿ ನಿಧಾನವಾಗಿ ಓದಿ ಬರೆಯಲು ಬಿಡುವು ಸಿಗುತ್ತದೆ. ಕಾನೂನು ಅಧ್ಯಾಪಕರಾಗಲು, ಸಂಶೋಧನೆಗೆ ತೊಡಗಲು ಎಲ್‌ಎಲ್.ಎಂ. ಬೇಕು. ವಕೀಲಿ ಮಾಡಲು ಅದು ಬೇಕಿಲ್ಲ.

ಮೂರನೆಯದು ಯಾವ ಪದವೀಧರರೂ ಸೇರಬಹುದಾದ ವ್ಯಾಸಂಗ. ನಾಗರಭಾವಿಯ ಶಾಲೆಯೇ ವಾಣಿಜ್ಯ ಕಾನೂನಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನೂ, ಮಾನವ ಹಕ್ಕು, ವೈದ್ಯಕೀಯ ಕಾನೂನು ಮುಂತಾದವುಗಳಲ್ಲಿ ಡಿಪ್ಲೊಮಾಗಳನ್ನೂ ನಡೆಸುತ್ತ ಬಂದಿದೆ. ಕಚೇರಿ, ಬ್ಯಾಂಕು, ಸಂಘಸಂಸ್ಥೆಗಳಲ್ಲಿ ದುಡಿಯುವವರಿಗೆ ಇವುಗಳಿಂದ ಬಹಳ ಉಪಯೋಗ. ಆದರೆ ಹೆಸರಿನಲ್ಲಿ ಕಾನೂನು ಇದ್ದ ಮಾತ್ರಕ್ಕೆ ಇವುಗಳಿಂದ ಸನ್ನದು ಸಿಗುವುದಿಲ್ಲ, ಎಲ್‌ಎಲ್.ಎಂ.ಗೆ ಅರ್ಹತೆಯೂ ಬರುವುದಿಲ್ಲ.

ಆದ್ದರಿಂದ ಫೀಜು ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಈ ಓದಿಗೆ ಸೇರಲು ನನಗೆ ಯಾವ ಪದವಿ ಇರಬೇಕು? ಇದು ಮುಗಿದ ಮೇಲೆ ಯಾವ ಬಾಗಿಲು ತೆರೆಯುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ ವಿಶ್ವವಿದ್ಯಾನಿಲಯದ ಆ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳೋಣ. ಅರ್ಥವಾಗದಿದ್ದರೆ ನಮ್ಮ ಅಧ್ಯಾಪಕರನ್ನು ಕೇಳಲು ಸಂಕೋಚವೇಕೆ?

ಅಣ್ಣ ಈಗ ಎಲ್‌ಎಲ್.ಬಿ.ಯ ಎರಡನೆಯ ವರ್ಷದಲ್ಲಿದ್ದಾನೆ. ಡಿಪ್ಲೊಮಾದ ಓದು ದಂಡವಾಗಲಿಲ್ಲ, ತರಗತಿಯಲ್ಲಿ ನೆರವಾಗುತ್ತಿದೆ ಎನ್ನುತ್ತಾನೆ. ತಂದೆಯವರ ಸಾಲ ಮಾತ್ರ ಇನ್ನೂ ತೀರಿಲ್ಲ. ಈ ವರ್ಷ ನನ್ನ ಸರದಿ. ಅರ್ಜಿಯ ಜೊತೆ ಬಂದ ನಿಯಮಾವಳಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಂದೆಯವರಿಗೆ ಓದಿ ಹೇಳಿದ ಮೇಲೆಯೇ ಸಹಿ ಹಾಕಿದ್ದೇನೆ.