ಸೈಕಲ್ ಬೀಗ: ಯಾವುದು ಎಷ್ಟು ಹೊತ್ತು ತಡೆಯುತ್ತೆ?

ಸೈಕಲ್‌ಗೆ ಬೀಗ ಹಾಕಿದ್ದೀರಿ, ಸರಿ. ಆದ್ರೆ ಕಳ್ಳನ ಕೈಲಿರೋ ಹತ್ಯಾರಿನ ಮುಂದೆ ಅದು ಎಷ್ಟು ಹೊತ್ತು ನಿಲ್ಲುತ್ತೆ?

ಮೊದಲು ಕೇಬಲ್ ಲಾಕ್. ಮೇಲಿನ ಪ್ಲಾಸ್ಟಿಕ್ ದಪ್ಪ ನೋಡಿ ಮೋಸಹೋಗ್ಬೇಡಿ. ಒಳಗಿರೋದು ಹೊಸೆದ ಸಣ್ಣ ಉಕ್ಕಿನ ಎಳೆಗಳು. ಕೇಬಲ್ ಕಟರ್‌ಗೆ ಕೆಲವೇ ಸೆಕೆಂಡಿನ ಕೆಲಸ.

ಸರಪಳಿ? ಕೊಂಡಿಯ ದಪ್ಪ ನೋಡಿ. 6 ಮಿ.ಮೀ. ಸಾದಾ ಸರಪಳಿಯನ್ನ ಬೋಲ್ಟ್ ಕಟರ್ ಸಲೀಸಾಗಿ ಕತ್ತರಿಸುತ್ತೆ.

ಇನ್ನು ಯು-ಲಾಕ್. ಹದಗೊಳಿಸಿದ ಉಕ್ಕಿನ 16 ಮಿ.ಮೀ. ಸರಳಾದ್ರೆ ಕೈಯಲ್ಲಿ ಒತ್ತೋ ಬೋಲ್ಟ್ ಕಟರ್‌ಗೆ ಬಗ್ಗಲ್ಲ. ಚಿಕ್ಕದನ್ನೇ ತಗೊಳ್ಳಿ. ಒಳಗೆ ಜಾಗ ಉಳಿದ್ರೆ ಜಾಕ್ ತೂರಿಸಿ ಅಗಲಿಸಿಬಿಡ್ತಾರೆ.

ಆದ್ರೆ ಬ್ಯಾಟರಿ ಆಂಗಲ್ ಗ್ರೈಂಡರ್ ಬಂತು ಅಂದ್ರೆ? ಮಾಮೂಲಿ ಉಕ್ಕು ಎಷ್ಟೇ ದಪ್ಪ ಇದ್ರೂ ನಿಮಿಷಗಳ ಲೆಕ್ಕ. ಅದಕ್ಕೇ ಈಗ ಸೆರಾಮಿಕ್ ಬೆರೆತ ಕವಚದ ಬೀಗಗಳು ಬಂದಿವೆ. ಇಲ್ಲಿ ಬೀಗಕ್ಕಿಂತ ಮೊದಲು ಗ್ರೈಂಡರ್ ಡಿಸ್ಕೇ ಸವೆಯುತ್ತೆ. ಬೆಲೆ, ತೂಕ ಎರಡೂ ಜಾಸ್ತಿ.

ಉಕ್ಕು ಗಟ್ಟಿ ಇದ್ರೆ ಸಾಲದು, ಕೀಲಿ ಹಾಕೋ ಭಾಗವೂ ಗಟ್ಟಿ ಇರ್ಬೇಕು. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಂಡು ಕೀಲಿಯ ಯು-ಲಾಕ್‌ಗಳು ಬಿಕ್ ಬಾಲ್‌ಪೆನ್ನಿನ ಕೊಳವೆಗೇ ತೆರೆದುಕೊಂಡ್ವು! ಕಂಪನಿ ಬೀಗ ಬದಲಿಸಿಕೊಡಬೇಕಾಯ್ತು.

ಕೊಳ್ಳುವಾಗ ಬ್ರಿಟನ್ನಿನ ‘ಸೋಲ್ಡ್ ಸೆಕ್ಯೂರ್’ ದರ್ಜೆ ಇದೆಯಾ ನೋಡಿ: ಬ್ರಾಂಜ್, ಸಿಲ್ವರ್, ಗೋಲ್ಡ್, ಎಲ್ಲಕ್ಕಿಂತ ಮೇಲೆ ಡೈಮಂಡ್.

ಬೀಗ ಹಾಕೋವಾಗ ಫ್ರೇಮ್, ಹಿಂದಿನ ಚಕ್ರ ಎರಡನ್ನೂ ಸೇರಿಸಿ, ನೆಲದಲ್ಲಿ ಹೂತ ಕಂಬಿಗೆ ಬಿಗೀರಿ. ಬರೀ ಮುಂದಿನ ಚಕ್ರಕ್ಕೆ ಹಾಕಿದ್ರೆ, ಬೀಗ ಮುರಿಯದೇನೇ ನಿಮಗೆ ಚಕ್ರ ಮಾತ್ರ ಉಳಿಸಿ ಹೋಗ್ತಾರೆ.