ಬೆಟ್ಟವಿಲ್ಲದವರು ಕಲಿಸಿದ ಬೆಟ್ಟ

ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಮಂಜರಾಬಾದಿನ ಕೋಟೆಯಿದೆ. ಟಿಪ್ಪು ಸುಲ್ತಾನನು ಕಟ್ಟಿಸಿದ, 1792ರಲ್ಲಿ ಮುಗಿದ ಈ ಕೋಟೆಯ ತಳವಿನ್ಯಾಸ ಎಂಟು ಮೂಲೆಯ ನಕ್ಷತ್ರ. ಅದು ನಿಂತ ಗುಡ್ಡವನ್ನು ಪೆನ್ಸಿಲಿನಲ್ಲಿ ಬರೆಯಬೇಕೆಂದು ಒಂದು ಮುಂಜಾನೆ ಎದುರಿನ ಏರನ್ನು ಹತ್ತಿ ಕುಳಿತೆ. ಮರ, ಬಂಡೆ, ಗೋಡೆ ಯಾವುದನ್ನೂ ಬಿಡಲಿಲ್ಲ. ದನ ಹೊಡೆದುಕೊಂಡು ಬಂದ ಮುದುಕರೊಬ್ಬರು ಹಾಳೆಯತ್ತ ಇಣುಕಿ, “ಇದು ಯಾವೂರ ದಿಣ್ಣೆ ಸ್ವಾಮಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಬೆಟ್ಟಗಳೇ ಅಪರೂಪವಾದ ಹಾಲೆಂಡಿನವರಿಂದ. ಅಲ್ಲಿಯ ನೆಲ ಬಹುಮಟ್ಟಿಗೆ ಸಪಾಟು. ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತಲೂ ಕೆಳಗೆ. 17ನೆಯ ಶತಮಾನದಲ್ಲಿ ಆ ನಾಡಿನ ಚಿತ್ರಕಾರರು ಪುರಾಣದ ಕಥೆಗಳ ಹಂಗಿಲ್ಲದೆ ಹೊಲ, ಹೊಳೆ, ಮೋಡಗಳನ್ನೇ ವಸ್ತುವಾಗಿ ಆರಿಸಿಕೊಂಡರು. ಯಾನ್ ವಾನ್ ಗೋಯೆನ್ ಊರೂರು ತಿರುಗಿ, ಕಂಡದ್ದನ್ನು ಕಪ್ಪು ಬಳಪದಿಂದ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಯಾಕೋಬ್ ವಾನ್ ರಾಯ್ಸ್‌ಡಾಲ್ 1650ರ ಸುಮಾರಿಗೆ ಗಡಿಯಾಚೆ, ಜರ್ಮನಿಯ ಬೆಂಟ್‌ಹೈಮ್ ಕೋಟೆಯನ್ನು ಕಂಡನು. ಅದಿರುವುದು ಸಾಧಾರಣವಾದ ಗುಡ್ಡದ ಮೇಲೆ. ಅವನ 1653ರ ಚಿತ್ರದಲ್ಲಾದರೋ ಅದು ಕಾಡು ಕವಿದ ಹೆಬ್ಬೆಟ್ಟ! ದಿಣ್ಣೆಯನ್ನು ಬೆಟ್ಟ ಮಾಡಿದವನು ಅವನು; ಬೆಟ್ಟವನ್ನು ದಿಣ್ಣೆ ಮಾಡಿದವನು ನಾನು.

ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದಾಗ ನನ್ನ ತಪ್ಪು ತಿಳಿಯಿತು. ಅವನು ನೋಡುವವನನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸುತ್ತಾನೆ. ನಾನೋ ಗುಡ್ಡದ ಸಮಕ್ಕೆ ಏರಿ ಕುಳಿತಿದ್ದೆ. ಕಣ್ಣಿನ ಮಟ್ಟಕ್ಕೆ ಬಂದ ಬೆಟ್ಟಕ್ಕೆ ಎತ್ತರವೆಲ್ಲಿ? ಇನ್ನೊಂದು ಪಾಠವೂ ಇತ್ತು. ಅವನ ಹಾರ್ಲೆಮ್ ನೋಟಗಳಲ್ಲಿ ಆಕಾಶವೇ ಚಿತ್ರದ ಬಹುಪಾಲು; ನಾನು ಹಾಳೆಯ ಮೇಲಂಚಿನವರೆಗೂ ಗೆರೆ ತುಂಬಿದ್ದೆ.

ಆದುದರಿಂದ ಮೊದಲು ಆಲೂರಿಗೆ ಹೋದೆ. ಅಲ್ಲಿ ನೆಲ ಇನ್ನೂ ಪೂರ್ತಿ ಮಲೆನಾಡಾಗಿಲ್ಲ. ಮೆಲ್ಲಗೆ ಏರಿಳಿಯುವ ಗುಡ್ಡಗಳ ಮೇಲೆ ಆಕಾಶ ಧಾರಾಳ. ಕೆಲವು ದಿನ ದಿಗಂತವನ್ನು ಕೆಳಗಿಟ್ಟು, ಮೇಲೆ ಬರಿದು ಬಿಡುವುದನ್ನು ಅಭ್ಯಾಸ ಮಾಡಿದೆ. ಅನಂತರ ಮಂಜರಾಬಾದಿಗೆ ಮರಳಿ, ಈ ಸಲ ಗುಡ್ಡದ ತಪ್ಪಲಿನಲ್ಲಿ ಕುಳಿತೆ. ಹತ್ತಿರದ ಮರಕ್ಕೆ ಮೆದು ಪೆನ್ಸಿಲಿನ ದಟ್ಟ ಕಪ್ಪು; ದೂರದ ಸಾಲಿಗೆ ಗಡಸು ಪೆನ್ಸಿಲಿನ ತೆಳು ಗೆರೆ; ನಡುವಣ ಮಂಜಿಗೆ ಬರಿಯ ಕಾಗದ. ಇದ್ದುದಕ್ಕಿಂತ ಒಂದು ಗೇಣನ್ನೂ ನಾನು ಕೂಡಿಸಲಿಲ್ಲ. ಆದರೂ ಗುಡ್ಡ ಎದ್ದು ನಿಂತಿತು.

ಆ ಮುದುಕರು ಮತ್ತೆ ಸಿಕ್ಕಿಲ್ಲ. ಆ ಕಡೆ ಹೋದಾಗಲೆಲ್ಲ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ.