ಮುಳ್ಳು ಹೇಳುವ ವೇಗ, ಉಪಗ್ರಹ ಹೇಳುವ ವೇಗ

ತೋಟದ ಕೆಲಸಕ್ಕೆಂದು ಜೀಪು, ಪಿಕಪ್ ಅಥವಾ ಕಾರು ಇಟ್ಟುಕೊಂಡಿರುವ ಸದಸ್ಯರು ಈಚೆಗೆ ಸಂಘದ ಕಚೇರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಗಾಡಿಯ ಸ್ಪೀಡೋಮೀಟರಿನ ಮುಳ್ಳು 80ರಲ್ಲಿ ನಿಂತಿರುವಾಗ, ದಾರಿ ತೋರಿಸಲೆಂದು ಮುಂದೆ ಇಟ್ಟ ಮೊಬೈಲ್ ಫೋನು 75 ಎಂದೋ 76 ಎಂದೋ ಹೇಳುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು? ಮೀಟರ್ ಕೆಟ್ಟಿದೆಯೆಂದು ಗ್ಯಾರೇಜಿಗೆ ಒಯ್ಯಬೇಕೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಮ್ಮ ಸುತ್ತಿನ ರಸ್ತೆಗಳು ಈಗ ಹಿಂದಿನಂತಿಲ್ಲ. ನೆಲಮಂಗಲದ ತುಮಕೂರು ರಸ್ತೆ, ದೇವನಹಳ್ಳಿಯ ಬಳ್ಳಾರಿ ರಸ್ತೆ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆ, ಇವುಗಳಲ್ಲಿ ಗಾಡಿ ತಾನಾಗಿಯೇ ವೇಗ ಹಿಡಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ, ಮಿತಿ ಮೀರಿ ಓಡಿಸಿದ ಲಘು ವಾಹನಕ್ಕೆ 1000ದಿಂದ 2000 ರೂಪಾಯಿವರೆಗೆ ದಂಡ ಹೇಳಿದೆ. ದಂಡವನ್ನಾದರೂ ಕಟ್ಟಿ ಮರೆಯಬಹುದು. ಅಡಿಕೆ ಮೂಟೆ ಹೇರಿದ ಗಾಡಿ ತಾನು ಓಡುತ್ತಿರುವ ನಿಜವಾದ ವೇಗ ಚಾಲಕನಿಗೆ ತಿಳಿಯದೆ ಹೋದರೆ ಆಗುವ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಆದುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಮುಳ್ಳು ವೇಗವನ್ನು ಅರಿಯುವ ಬಗೆ

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಸ್ಪೀಡೋಮೀಟರ್ ರಸ್ತೆಯನ್ನು ನೋಡುವುದಿಲ್ಲ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು ಮಾತ್ರ.

ಹಳೆಯ ಜೀಪು, ಅಂಬಾಸಿಡರ್ ಕಾರುಗಳಲ್ಲಿ ಗೇರ್ ಪೆಟ್ಟಿಗೆಯಿಂದ ಮೀಟರಿಗೆ ಒಂದು ಕೇಬಲ್ ಬರುತ್ತಿತ್ತು. ಚಕ್ರ ತಿರುಗಿದಂತೆ ಕೇಬಲ್ ತಿರುಗಿ, ಅದರ ತುದಿಯ ಅಯಸ್ಕಾಂತ ಒಂದು ಲೋಹದ ಬಟ್ಟಲಿನೊಳಗೆ ಸುತ್ತುತ್ತಿತ್ತು. ಅಯಸ್ಕಾಂತ ಬಟ್ಟಲನ್ನು ಮುಟ್ಟದಿದ್ದರೂ ತನ್ನೊಡನೆ ಎಳೆಯುತ್ತದೆ. ಒಂದು ಸಣ್ಣ ಸ್ಪ್ರಿಂಗು ಬಟ್ಟಲನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎರಡು ಎಳೆತಗಳು ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಈ ವಿಧಾನಕ್ಕೆ ಜರ್ಮನಿಯ ಆಟೋ ಶುಲ್ಜ್ ಎಂಬವರು 1902ರಲ್ಲಿ ಪೇಟೆಂಟ್ ಪಡೆದರು. ಈಗಿನ ಗಾಡಿಗಳಲ್ಲಿ ಕೇಬಲಿನ ಬದಲು ಸೆನ್ಸರ್ ಬಂದಿದೆ. ಚಕ್ರ ಅಥವಾ ಗೇರ್ ಪೆಟ್ಟಿಗೆಯ ಸುತ್ತುಗಳನ್ನು ವಿದ್ಯುತ್ ಮಿಡಿತಗಳಾಗಿ ಎಣಿಸಿ, ಒಂದು ಸುತ್ತಿಗೆ ಗಾಡಿ ಇಷ್ಟು ದೂರ ಹೋಗುತ್ತದೆ ಎಂಬ ನಿಗದಿಯಾದ ಲೆಕ್ಕದಿಂದ ವೇಗವನ್ನು ತೋರಿಸುತ್ತಾರೆ.

ತಪ್ಪು ನುಸುಳುವುದು ಈ 'ಇಷ್ಟು ದೂರ' ಎಂಬಲ್ಲಿಯೇ. ಟೈರು ಹೊಸದಿದ್ದಾಗ ಒಂದು ಅಳತೆ, ಸವೆದಾಗ ಇನ್ನೊಂದು. ಗಾಳಿ ಕಡಮೆಯಾದರೆ, ಹೊರೆ ಹೆಚ್ಚಾದರೆ ಮತ್ತೊಂದು. ಗಾಡಿಯನ್ನು ತಯಾರಿಸಿದವರಿಗೆ ನಮ್ಮ ಟೈರಿನ ಇಂದಿನ ಸ್ಥಿತಿ ತಿಳಿಯುವುದು ಸಾಧ್ಯವಿಲ್ಲ.

ಹೆಚ್ಚು ತೋರಿಸುವುದು ಉದ್ದೇಶದಿಂದಲೇ

ತಕ್ಕಡಿಯಾದರೆ ಎರಡೂ ಕಡೆ ಸಮ ತೂಗಬೇಕು. ಸ್ಪೀಡೋಮೀಟರಿನ ವಿಷಯದಲ್ಲಿ ಹಾಗಲ್ಲ. ಅದು ಇರುವುದಕ್ಕಿಂತ ಕಡಮೆ ವೇಗವನ್ನು ತೋರಿಸಿದರೆ ಚಾಲಕ ತಿಳಿಯದೆಯೇ ಮಿತಿ ಮೀರುತ್ತಾನೆ. ಹೆಚ್ಚು ತೋರಿಸಿದರೆ ಸ್ವಲ್ಪ ನಿಧಾನವಾಗಿ ಹೋಗುತ್ತಾನೆ, ಅಷ್ಟೆ. ಆದುದರಿಂದ ತಪ್ಪುವುದಾದರೆ ಹೆಚ್ಚಿನ ಕಡೆಗೇ ತಪ್ಪಲಿ ಎಂದು ಮೀಟರನ್ನು ಹೊಂದಿಸಿರುತ್ತಾರೆ.

ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡು, ಯುರೋಪು ಮೊದಲಾದ ಅನೇಕ ದೇಶಗಳು ಅನುಸರಿಸುವ 39ನೆಯ ವಾಹನ ನಿಬಂಧನೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಮೆ ಇರಕೂಡದು. ಹೆಚ್ಚಿರಬಹುದು, ಆದರೆ ಆ ಹೆಚ್ಚಳ ನಿಜವಾದ ವೇಗದ ಹತ್ತನೆಯ ಒಂದು ಪಾಲು ಮತ್ತು 4 ಕಿ.ಮೀ. ಸೇರಿದ ಮೊತ್ತವನ್ನು ಮೀರಬಾರದು. ಅಂದರೆ ಗಾಡಿ ನಿಜವಾಗಿ ಗಂಟೆಗೆ 60 ಕಿ.ಮೀ. ಹೋಗುತ್ತಿದ್ದರೆ ಮುಳ್ಳು 60ರಿಂದ 70ರವರೆಗೆ ಎಲ್ಲಿ ನಿಂತರೂ ಸರಿ. 80ರ ವೇಗಕ್ಕೆ 92ರವರೆಗೆ, 100ಕ್ಕೆ 114ರವರೆಗೆ ಅವಕಾಶವಿದೆ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮ ಸ್ಪೀಡೋಮೀಟರಿಗೆ ಸಂಬಂಧಿಸಿದ್ದು.

ಆದುದರಿಂದ ಮುಳ್ಳು 80ರಲ್ಲಿದ್ದು ಫೋನು 76 ಹೇಳಿದರೆ ಮೀಟರ್ ಕೆಟ್ಟಿಲ್ಲ. ಅದು ಹೇಗಿರಬೇಕೋ ಹಾಗೆಯೇ ಇದೆ. ಇದಕ್ಕಾಗಿ ಗ್ಯಾರೇಜಿಗೆ ಹಣ ಸುರಿಯುವ ಅಗತ್ಯವಿಲ್ಲ.

ಉಪಗ್ರಹ ವೇಗವನ್ನು ಅರಿಯುವ ಬಗೆ

ರೈಲು ಸಿಳ್ಳೆ ಹಾಕುತ್ತಾ ನಮ್ಮತ್ತ ಬರುವಾಗ ಸದ್ದು ಏರಿದಂತೆಯೂ, ನಮ್ಮನ್ನು ದಾಟಿ ಹೋದೊಡನೆ ಇಳಿದಂತೆಯೂ ಕೇಳುವುದನ್ನು ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ನಿಂತ ಯಾರಾದರೂ ಬಲ್ಲರು. ಸಿಳ್ಳೆ ಬದಲಾಗಿರುವುದಿಲ್ಲ, ಬದಲಾದದ್ದು ರೈಲಿಗೂ ನಮಗೂ ನಡುವಣ ಚಲನೆ. ಇದಕ್ಕೆ ಡಾಪ್ಲರ್ ಪರಿಣಾಮವೆಂದು ಹೆಸರು. ರೇಡಿಯೋ ಅಲೆಗಳಿಗೂ ಇದು ಅನ್ವಯಿಸುತ್ತದೆ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಮೇಲೇರಿದಾಗ ಅಮೆರಿಕದ ವಿಜ್ಞಾನಿಗಳು ಅದರ ರೇಡಿಯೋ ಸದ್ದಿನ ಏರಿಳಿತದಿಂದಲೇ ಅದರ ದಾರಿಯನ್ನು ಲೆಕ್ಕ ಹಾಕಿದರು. ಅದನ್ನೇ ತಿರುಗಿಸಿ, ಉಪಗ್ರಹದ ದಾರಿ ಗೊತ್ತಿದ್ದರೆ ನೆಲದ ಮೇಲಿರುವವನ ಜಾಗವನ್ನು ಕಂಡುಹಿಡಿಯಬಹುದು ಎಂಬ ಯೋಚನೆ ಅದರಿಂದ ಹುಟ್ಟಿತು.

ಫೋನಿನೊಳಗಿನ ಗ್ರಾಹಕ ಒಂದೇ ಹೊತ್ತಿಗೆ ಹಲವು ಉಪಗ್ರಹಗಳ ಅಲೆಗಳನ್ನು ಹಿಡಿಯುತ್ತದೆ. ಒಂದೊಂದು ಅಲೆಯೂ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದರಿಂದ ಗಾಡಿಯ ವೇಗವನ್ನು ಲೆಕ್ಕ ಹಾಕುತ್ತದೆ. ಇಲ್ಲಿ ಟೈರಿಗಾಗಲಿ, ಗಾಳಿಗಾಗಲಿ, ಹೊರೆಗಾಗಲಿ ಸಂಬಂಧವೇ ಇಲ್ಲ. ಆಕಾಶ ತೆರೆದಿರುವ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಈ ಲೆಕ್ಕದ ತಪ್ಪು ಸಾಮಾನ್ಯವಾಗಿ ಗಂಟೆಗೆ 1 ಕಿ.ಮೀ. ಒಳಗೇ ಇರುತ್ತದೆ.

ಅಮೆರಿಕದ ಜಿಪಿಎಸ್ ಅಲ್ಲದೆ ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯೂ ಇದೆಯೆಂಬುದನ್ನು ಸದಸ್ಯರು ತಿಳಿದಿರಬೇಕು. ಅದರ ಮೊದಲ ಸರಣಿಯ ಉಪಗ್ರಹಗಳನ್ನು ಇಸ್ರೋ 2013ರಿಂದ 2016ರೊಳಗೆ ಕಕ್ಷೆಗೆ ಸೇರಿಸಿತು; ಎರಡನೆಯ ಪೀಳಿಗೆಯ ಮೊದಲ ಉಪಗ್ರಹ 2023ರ ಮೇ ತಿಂಗಳಲ್ಲಿ ಹೋಯಿತು. ಇದಕ್ಕಾಗಿ ಇಸ್ರೋದ ನ್ಯಾವಿಗೇಷನ್ ಕೇಂದ್ರ 2013ರಲ್ಲಿ ಆರಂಭವಾದದ್ದು ದೂರದಲ್ಲೆಲ್ಲೋ ಅಲ್ಲ, ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ.

ಉಪಗ್ರಹವೂ ತಪ್ಪುವ ಸ್ಥಳಗಳು

ಹಾಗೆಂದು ಫೋನು ಹೇಳಿದ್ದೆಲ್ಲ ನಿಜವೆಂದು ತಿಳಿಯಬಾರದು. ಗಾಡಿ ಏಕಾಏಕಿ ವೇಗ ಹೆಚ್ಚಿಸಿದಾಗ ಅಥವಾ ಬ್ರೇಕ್ ಹಾಕಿದಾಗ ಫೋನಿನ ಅಂಕಿ ಒಂದೆರಡು ಸೆಕೆಂಡು ಹಿಂದೆ ಉಳಿಯುತ್ತದೆ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದೂರ ಸಾಗುತ್ತದೆಂಬುದನ್ನು ನೆನೆದರೆ ಈ ವಿಳಂಬ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮೇಲ್ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ದಟ್ಟವಾದ ನೆರಳು ಮರಗಳಿರುವ ತೋಟದ ದಾರಿಯಲ್ಲಿ ಅಲೆಗಳು ಸರಿಯಾಗಿ ತಲುಪುವುದಿಲ್ಲ, ಇಲ್ಲವೆ ಬೇರೆಡೆಗೆ ಬಡಿದು ಬರುತ್ತವೆ. ನಂದಿ ಬೆಟ್ಟದಂಥ ತಿರುವು ದಾರಿಯಲ್ಲಿಯೂ ಅಂಕಿ ಅಲುಗಾಡುತ್ತದೆ.

ಹೀಗಾಗಿ ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ಗಾಡಿ ಓಡಿಸುವಾಗ ಕ್ಷಣಕ್ಷಣಕ್ಕೂ ನೋಡಬೇಕಾದದ್ದು ಮುಳ್ಳನ್ನು. ಆ ಮುಳ್ಳು ಎಷ್ಟು ಹೆಚ್ಚು ಹೇಳುತ್ತದೆ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಲು ಉಪಗ್ರಹವನ್ನು ಬಳಸಬೇಕು.

ಅಪಾಯವಿರುವುದು ದೊಡ್ಡ ಟೈರಿನಲ್ಲಿ

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ತೋಟದ ಹಳ್ಳದಿಣ್ಣೆಯ ದಾರಿಗೆ ನೆಲದಿಂದ ಎತ್ತರ ಬೇಕೆಂದು ಹಲವರು ಗಾಡಿಗೆ ಮೂಲ ಅಳತೆಗಿಂತ ದೊಡ್ಡ ಟೈರು ಹಾಕಿಸುತ್ತಾರೆ. 215/75 ಆರ್ 15 ಅಳತೆಯ ಟೈರನ್ನು ತೆಗೆದು 235/75 ಆರ್ 15 ಹಾಕಿದರೆಂದು ಇಟ್ಟುಕೊಳ್ಳೋಣ. ಮೊದಲನೆಯದರ ವ್ಯಾಸ ಸುಮಾರು 703 ಮಿಲಿಮೀಟರ್, ಎರಡನೆಯದರದು 733. ಅಂದರೆ ಪ್ರತಿ ಸುತ್ತಿಗೂ ಗಾಡಿ ಶೇಕಡಾ 4ಕ್ಕಿಂತ ತುಸು ಹೆಚ್ಚು ದೂರ ಹೋಗುತ್ತದೆ. ಆದರೆ ಮೀಟರ್ ಹಳೆಯ ಟೈರಿನ ಲೆಕ್ಕವನ್ನೇ ಹಿಡಿದಿರುತ್ತದೆ.

ಪರಿಣಾಮವೇನು? ಮೂಲದಲ್ಲಿ ಶೇಕಡಾ 5ರಷ್ಟು ಹೆಚ್ಚು ತೋರಿಸುತ್ತಿದ್ದ ಮೀಟರಿನಲ್ಲಿ ಮುಳ್ಳು 80 ಇದ್ದಾಗ ನಿಜವಾದ ವೇಗ 76 ಇತ್ತು. ಟೈರು ಬದಲಾದ ಮೇಲೆ ಅದು 79 ದಾಟುತ್ತದೆ. ಮೂಲದಲ್ಲಿ ಶೇಕಡಾ 2 ಮಾತ್ರ ಹೆಚ್ಚು ತೋರಿಸುತ್ತಿದ್ದರೆ, ಮುಳ್ಳು 80ರಲ್ಲಿರುವಾಗ ಗಾಡಿ 81ನ್ನು ಮೀರಿ 82ರ ಹತ್ತಿರ ಓಡುತ್ತಿರುತ್ತದೆ. ತಯಾರಿಸಿದವರು ನಮ್ಮ ರಕ್ಷಣೆಗೆಂದು ಇಟ್ಟ ಅಂತರವನ್ನು ನಾವೇ ಹಣ ಕೊಟ್ಟು ಅಳಿಸಿದಂತಾಯಿತು. 2015ರ ಅಕ್ಟೋಬರಿನಿಂದೀಚೆಗೆ ತಯಾರಾದ ಬಹುತೇಕ ಸಾರಿಗೆ ವಾಹನಗಳಿಗೆ 118ನೆಯ ನಿಯಮದಂತೆ 80 ಕಿ.ಮೀ.ಗೆ ಹೊಂದಿಸಿದ ವೇಗ ನಿಯಂತ್ರಕ ಕಡ್ಡಾಯವಾಯಿತು. ಅದೂ ಚಕ್ರದ ಸುತ್ತುಗಳನ್ನೇ ನಂಬಿ ಕೆಲಸ ಮಾಡುವಂಥದ್ದಾದರೆ, ದೊಡ್ಡ ಟೈರಿನ ಗಾಡಿಯನ್ನು 80ಕ್ಕೆ ತಡೆಯಲಾರದು.

ವೇಗ ಶೇಕಡಾ 5 ಹೆಚ್ಚಿದರೆ ಬ್ರೇಕು ತಡೆಯಬೇಕಾದ ಶಕ್ತಿ ಶೇಕಡಾ 10ರಷ್ಟು ಹೆಚ್ಚುತ್ತದೆ. ಹೊರೆ ತುಂಬಿದ ಗಾಡಿಗೆ, ಮಳೆಗಾಲದ ರಸ್ತೆಯಲ್ಲಿ, ಇದು ಸಣ್ಣ ವ್ಯತ್ಯಾಸವಲ್ಲ.

ಟೈರು ಸವೆದರೆ ಇದಕ್ಕೆ ವಿರುದ್ಧವಾಗುತ್ತದೆ. ಮೇಲೆ ಹೇಳಿದ ಮೊದಲನೆಯ ಟೈರಿನ ಗೀರುಗಳ ಆಳ 8 ಮಿಲಿಮೀಟರಿನಿಂದ 1.6ಕ್ಕೆ ಇಳಿದರೆ ವ್ಯಾಸ ಶೇಕಡಾ 2ರ ಹತ್ತಿರ ಕಡಮೆಯಾಗಿ, ಮುಳ್ಳು ಇನ್ನಷ್ಟು ಹೆಚ್ಚು ತೋರಿಸುತ್ತದೆ. ಅಂಥ ಟೈರನ್ನು ತೆಗೆದು ಹೊಸದನ್ನು ಹಾಕಿದ ದಿನ, ಮುಳ್ಳು ಅದೇ ಅಂಕಿಯಲ್ಲಿದ್ದರೂ ಗಾಡಿ ಮೊದಲಿಗಿಂತ ವೇಗವಾಗಿ ಓಡುತ್ತಿರುತ್ತದೆ ಎಂಬುದು ನೆನಪಿರಲಿ.

ಪರೀಕ್ಷಿಸುವ ಕ್ರಮ

ಇದಕ್ಕೆ ಖರ್ಚೇನೂ ಇಲ್ಲ. ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ವಾಹನ ಸಂಚಾರ ಕಡಮೆ ಇರುವ ಹೊತ್ತಿನಲ್ಲಿ ನೇರವಾದ, ಸಮತಟ್ಟಾದ ರಸ್ತೆಗೆ ಹೋಗಬೇಕು. ಪಕ್ಕದಲ್ಲಿ ಇನ್ನೊಬ್ಬರು ಕುಳಿತಿರಬೇಕು. ಫೋನಿನ ಅಂಕಿಯನ್ನು ಓದುವುದೂ ಬರೆದುಕೊಳ್ಳುವುದೂ ಅವರ ಕೆಲಸ. ಚಾಲಕ ಫೋನನ್ನು ಮುಟ್ಟಕೂಡದು. ಮುಳ್ಳನ್ನು 40ರಲ್ಲಿ ಅರ್ಧ ನಿಮಿಷ ನಿಲ್ಲಿಸಿ ಫೋನಿನ ಅಂಕಿಯನ್ನು ಬರೆಯಬೇಕು. ಅನಂತರ 60ರಲ್ಲಿ, ಆ ರಸ್ತೆಯ ಮಿತಿ ಅವಕಾಶ ಕೊಟ್ಟರೆ ಮಾತ್ರ 80ರಲ್ಲಿ. ಹಿಂದಿರುಗುವಾಗ ಇನ್ನೊಮ್ಮೆ ಮಾಡಿ ಎರಡರ ಸರಾಸರಿ ತೆಗೆಯಬೇಕು.

ಫೋನಿಲ್ಲದವರಿಗೆ ಹಳೆಯ ದಾರಿ ಇದ್ದೇ ಇದೆ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಹಿಡಿದ ಸೆಕೆಂಡುಗಳನ್ನು ಎಣಿಸಿ, 3600ನ್ನು ಅದರಿಂದ ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. 60 ಸೆಕೆಂಡು ಹಿಡಿದರೆ ಗಂಟೆಗೆ 60 ಕಿ.ಮೀ.; 64 ಹಿಡಿದರೆ 56; 48 ಹಿಡಿದರೆ 75. ಕಲ್ಲುಗಳ ನಡುವಿನ ಅಂತರದಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಮೆ ಇರಬಹುದಾದ್ದರಿಂದ ಐದಾರು ಕಲ್ಲುಗಳ ಸರಾಸರಿ ತೆಗೆಯುವುದು ಒಳ್ಳೆಯದು.

ಇದೇ ಹೊತ್ತಿಗೆ ಓಡಿದ ದೂರವನ್ನು ಎಣಿಸುವ ಮೀಟರನ್ನೂ ನೋಡಿಕೊಳ್ಳಿ. ಮುಳ್ಳು ಹೆಚ್ಚು ತೋರಿಸಿತೆಂದ ಮಾತ್ರಕ್ಕೆ ದೂರವೂ ಅಷ್ಟೇ ಹೆಚ್ಚು ಬೀಳಬೇಕೆಂದಿಲ್ಲ. ಎರಡರ ಲೆಕ್ಕ ಬೇರೆ. 10 ಕಿ.ಮೀ. ಓಡಿದಾಗ ಮೀಟರಿನಲ್ಲಿ 10.3 ಬಿದ್ದರೆ ಶೇಕಡಾ 3ರ ವ್ಯತ್ಯಾಸವಾಯಿತು. ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆ ಗಾಡಿ ಮಾಡುವ ಸದಸ್ಯರಿಗೆ 2000 ಕಿ.ಮೀ.ಗೆ 60 ಕಿ.ಮೀ. ಹಣ ಹೆಚ್ಚಾಗಿ ಹೋಗುತ್ತದೆ. ದೊಡ್ಡ ಟೈರಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಕೊಡುವವರಿಗೆ ಇದೇ ಲೆಕ್ಕ ತಿರುಗಿ ನಷ್ಟವಾಗುತ್ತದೆ. ಲೀಟರಿಗೆ ಸಿಗುವ ಮೈಲೇಜೂ ಇರುವುದಕ್ಕಿಂತ ಕಡಮೆ ಕಾಣುತ್ತದೆ.

ಅಂತರವನ್ನು ಖರ್ಚು ಮಾಡಬೇಡಿ

ಕೆಲವರು ಕೇಳಬಹುದು: ಮುಳ್ಳು 4 ಕಿ.ಮೀ. ಹೆಚ್ಚು ಹೇಳುವುದಾದರೆ 80ರ ಮಿತಿಯಲ್ಲಿ ಮುಳ್ಳನ್ನು 84ಕ್ಕೆ ಒಯ್ದರೆ ತಪ್ಪೇನು? ಆ ನಾಲ್ಕು ಕಿಲೋಮೀಟರ್ ಇರುವುದು ಗಾಳಿ, ಹೊರೆ, ಟೈರುಗಳ ವ್ಯತ್ಯಾಸವನ್ನು ತಾಳಿಕೊಳ್ಳುವುದಕ್ಕೆ. ಇಂದು ಇದ್ದ ಅಂತರ ಟೈರು ಬದಲಿಸಿದ ನಾಳೆ ಇರುವುದಿಲ್ಲ. ನೆಲಮಂಗಲದಿಂದ ತುಮಕೂರಿನವರೆಗಿನ ದಾರಿಯಲ್ಲಿ ಅದರಿಂದ ಉಳಿಯುವುದು ಎರಡು ನಿಮಿಷವೂ ಅಲ್ಲ.

ರಸ್ತೆಬದಿಯ ಕ್ಯಾಮೆರಾ ಮತ್ತು ರಾಡಾರುಗಳು ನಮ್ಮ ಮುಳ್ಳನ್ನೂ ಕೇಳುವುದಿಲ್ಲ, ಫೋನನ್ನೂ ಕೇಳುವುದಿಲ್ಲ. ಗಾಡಿಯನ್ನು ತಾವೇ ಅಳೆಯುತ್ತವೆ. ಅಂಥ ಸಾಧನಗಳಿಗೆ ಅನುಮೋದನೆ ಪತ್ರವಿರಬೇಕು, ಅವು ಇರುವ ಕಡೆ ಎಚ್ಚರಿಕೆ ಫಲಕ ಹಾಕಬೇಕು ಎಂದು 2021ರಲ್ಲಿ ಸೇರಿಸಿದ 167ಎ ನಿಯಮ ಹೇಳಿತು. ನಮ್ಮ ಅಡಿಕೆ ತೂಗುವ ತಕ್ಕಡಿಗೆ ಮುದ್ರೆ ಬೇಕಿರುವಂತೆ, ವೇಗ ಅಳೆಯುವ ರಾಡಾರಿಗೂ ಪರಿಶೀಲನೆ ಮತ್ತು ಮುದ್ರೆ ಬೇಕೆಂಬ ಕಾನೂನು ಮಾಪನ ನಿಯಮಗಳು 2025ರ ಜುಲೈ 1ರಿಂದ ಜಾರಿಗೆ ಬಂದವು. ಅವರ ತಕ್ಕಡಿಗೆ ಮುದ್ರೆ ಬಿದ್ದ ಮೇಲೆ ನಮ್ಮ ತಕ್ಕಡಿಯನ್ನೂ ನಾವು ಪರೀಕ್ಷಿಸಿಟ್ಟುಕೊಳ್ಳುವುದು ಜಾಣತನ.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಸಲಹೆ ಇಷ್ಟು. ಟೈರು ಬದಲಿಸುವಾಗ ಗಾಡಿಯ ಪುಸ್ತಕದಲ್ಲಿರುವ ಅಳತೆಯನ್ನೇ ಕೇಳಿ ಪಡೆಯಿರಿ. ಈಗಾಗಲೇ ದೊಡ್ಡ ಟೈರು ಹಾಕಿಸಿರುವವರು ಹೊರೆ ಹೇರಿ ಹೆದ್ದಾರಿಗೆ ಇಳಿಯುವ ಮುನ್ನ ಮೇಲಿನ ಪರೀಕ್ಷೆಯನ್ನು ತಪ್ಪದೆ ಮಾಡಿ. ಬಂದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಪಕ್ಕದಲ್ಲಿ ಅಂಟಿಸಿ. ಗಾಡಿಯನ್ನು ಓಡಿಸುವ ಮಕ್ಕಳಿಗೂ ಚಾಲಕರಿಗೂ ಅದರ ಅರ್ಥವನ್ನು ತಿಳಿಸಿ ಹೇಳಿ.